ಜಪಾನ್ ಕಾರಾ, ಜರ್ಮನ್ ಕಾರಾ? ಹಣ ಕೊಡುವ ಮುನ್ನ ತಿಳಿದಿರಬೇಕಾದದ್ದು

ಗಲ್ಫ್‌ನಿಂದ ರಜೆಗೆ ಬಂದ ನಾಲ್ಕು ಯುವಕರು ಒಟ್ಟು ಸೇರಿದರೆ ಕಾರಿನ ಮಾತು ಬಂದೇ ಬರುತ್ತದೆ. ಒಬ್ಬ ಟೊಯೊಟಾ ಎಂದರೆ ಇನ್ನೊಬ್ಬ ಬಿಎಂಡಬ್ಲ್ಯು ಅಂತಾನೆ. ಇಬ್ಬರದ್ದೂ ಸರಿಯೇ. ಒಬ್ಬ ಹೇಳುವುದು ಬಾಳಿಕೆಯ ಬಗ್ಗೆ, ಇನ್ನೊಬ್ಬ ಹೇಳುವುದು ಓಡಿಸುವ ಖುಷಿಯ ಬಗ್ಗೆ.

ಜಪಾನ್: ಬಾಳಿಕೆಯ ಗುಟ್ಟು

ಎರಡನೇ ಮಹಾಯುದ್ಧದ ನಂತರ ಟೊಯೊಟಾ ಬಳಿ ಹಣ ಕಡಿಮೆ ಇತ್ತು, ಏನನ್ನೂ ಹಾಳು ಮಾಡುವಂತಿರಲಿಲ್ಲ. ಎಂಜಿನಿಯರ್ ತೈಚಿ ಓನೊ ರೂಪಿಸಿದ ಪದ್ಧತಿಯಲ್ಲಿ ದೋಷ ಕಂಡ ಕೂಡಲೇ ಸಾಮಾನ್ಯ ಕಾರ್ಮಿಕನೂ ಹಗ್ಗ ಎಳೆದು ಉತ್ಪಾದನೆ ನಿಲ್ಲಿಸಬಹುದು. ಕೆಟ್ಟದ್ದು ಮುಂದಕ್ಕೆ ಹೋಗುವುದಿಲ್ಲ. ಇನ್ನೊಂದು ಕಾರಣ, ಹೊಸ ತಂತ್ರಜ್ಞಾನಕ್ಕೆ ಅವಸರ ಮಾಡದಿರುವುದು. ಪರೀಕ್ಷೆಯಲ್ಲಿ ಗೆದ್ದ ಎಂಜಿನ್ ಅನ್ನೇ ವರ್ಷಗಟ್ಟಲೆ ಸುಧಾರಿಸುತ್ತಾ ಬಳಸುತ್ತಾರೆ. ಗಲ್ಫ್‌ನ ಬಿಸಿಲು, ಮರಳಿನಲ್ಲಿ ಲ್ಯಾಂಡ್ ಕ್ರೂಸರ್ ಹೆಸರು ಗಳಿಸಿದ್ದು ಹೀಗೆ.

ಜರ್ಮನಿ: ರಸ್ತೆಯ ಹಿಡಿತ

ಜರ್ಮನಿಯ ಆಟೋಬಾನ್ ಹೆದ್ದಾರಿಯ ಹಲವು ಕಡೆ ವೇಗಮಿತಿ ಇಲ್ಲ, ಗಂಟೆಗೆ 130 ಕಿ.ಮೀ. ಎಂಬುದು ಸಲಹೆ ಮಾತ್ರ. ಅಲ್ಲಿ 180ರಲ್ಲೂ ಗಾಡಿ ಅಲುಗಾಡಬಾರದು, ಬ್ರೇಕ್ ಕೈಕೊಡಬಾರದು. ಆದ್ದರಿಂದ ಸ್ಟೀರಿಂಗ್, ಸಸ್ಪೆನ್ಷನ್, ಬ್ರೇಕ್‌ಗೆ ಅವರು ಹೆಚ್ಚು ಗಮನ ಕೊಡುತ್ತಾರೆ. ಹೊಸ ತಂತ್ರಜ್ಞಾನ ತರುವುದರಲ್ಲೂ ಮುಂದು. 1978ರಲ್ಲೇ ಮರ್ಸಿಡಿಸ್ ಎಸ್-ಕ್ಲಾಸ್‌ಗೆ ಎಲೆಕ್ಟ್ರಾನಿಕ್ ಎಬಿಎಸ್ ಬಂದಿತ್ತು. ಆದರೆ ಏರ್ ಸಸ್ಪೆನ್ಷನ್, ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್, ಹತ್ತಾರು ಸೆನ್ಸರ್ ಅಂತ ಭಾಗಗಳು ಹೆಚ್ಚಾದಷ್ಟೂ ಕೆಡುವ ಜಾಗಗಳೂ ಹೆಚ್ಚು.

ಎಲ್ಲವೂ ಕಪ್ಪು ಬಿಳುಪಲ್ಲ

1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಓಡಿಸುವ ಖುಷಿಗೇ ಹೆಸರಾದ ಜಪಾನಿ ಕಾರು. ಜಪಾನಿನ ಟಕಾಟಾ ಕಂಪೆನಿಯ ಏರ್‌ಬ್ಯಾಗ್ ದೋಷದಿಂದ ಜಗತ್ತಿನಾದ್ಯಂತ ಕೋಟಿಗಟ್ಟಲೆ ಕಾರುಗಳನ್ನು ವಾಪಸ್ ಕರೆಸಬೇಕಾಯಿತು. ಇತ್ತ ಟೊಯೊಟಾದ್ದೇ 2019ರ ಸುಪ್ರಾ ಕಾರಿನೊಳಗೆ ಇರುವುದು ಬಿಎಂಡಬ್ಲ್ಯು ಎಂಜಿನ್!

ಸೆಕೆಂಡ್ ಹ್ಯಾಂಡ್ ಲೆಕ್ಕ

ಯುವಕರು ಎಡವುವುದು ಇಲ್ಲೇ. ಹತ್ತು ವರ್ಷ ಹಳೆಯ ಜರ್ಮನ್ ಐಷಾರಾಮಿ ಕಾರು ಹೊಸ ಇನ್ನೋವಾಕ್ಕಿಂತ ಅಗ್ಗಕ್ಕೆ ಸಿಗುತ್ತದೆ. ಗಾಡಿಯ ಬೆಲೆ ಇಳಿದಿದೆ, ಸ್ಪೇರ್ ಪಾರ್ಟ್ಸ್ ಬೆಲೆ ಇಳಿದಿಲ್ಲ. ವಾರಂಟಿ ಮುಗಿದ ಮೇಲೆ ಪ್ರತಿ ರಿಪೇರಿಯೂ ಮಾಲಕನ ಜೇಬಿನಿಂದಲೇ. ಸಾಲ ಮಾಡಿ ಕೊಂಡವರ ಮನೆಯಂಗಳದಲ್ಲಿ ಕಾರು ನಿಂತರೂ ಕಂತು ನಿಲ್ಲುವುದಿಲ್ಲ.

ಹಣ ಕೊಡುವ ಮುನ್ನ:

• ಸರ್ವಿಸ್ ದಾಖಲೆ ಪೂರ್ತಿ ಕೇಳಿ. ಕಿಲೋಮೀಟರ್ ಮೀಟರ್ ಒಂದನ್ನೇ ನಂಬಬೇಡಿ.
• ಪರಿಚಯದ ಮೆಕ್ಯಾನಿಕ್‌ನಿಂದ ಸ್ಕ್ಯಾನರ್ ಹಾಕಿಸಿ ನೋಡಿ.
• ಗೇರ್‌ಬಾಕ್ಸ್, ಸಸ್ಪೆನ್ಷನ್ ಬದಲಾಯಿಸಲು ಎಷ್ಟಾಗುತ್ತದೆ ಎಂದು ಮೊದಲೇ ವಿಚಾರಿಸಿ.
• ರಿಪೇರಿಗೆಂದೇ ಸ್ವಲ್ಪ ಹಣ ಬೇರೆ ಇಡಿ.

ಜಪಾನಿ ಕಾರಿಗೂ ಈ ಪರೀಕ್ಷೆ ಬೇಕು. ಎಣ್ಣೆ ಬದಲಿಸದೆ ಓಡಿಸಿದರೆ ಯಾವ ಎಂಜಿನ್ ಕೂಡ ಉಳಿಯದು. ದಿನಾ ಮಂಜೇಶ್ವರದಿಂದ ಮಂಗಳೂರಿಗೆ ಓಡಾಡುವವರಿಗೆ, ಒಂದೇ ಗಾಡಿಯಲ್ಲಿ ಇಡೀ ಮನೆ ಸಾಗಬೇಕಾದವರಿಗೆ ಜಪಾನಿ ಕಾರೇ ಲೇಸು. ಓಡಿಸುವ ಖುಷಿಯೇ ಮುಖ್ಯ, ಖರ್ಚಿಗೂ ತಯಾರು ಎನ್ನುವವರಿಗೆ ಜರ್ಮನ್ ಕಾರು ನಿರಾಸೆ ಮಾಡದು.