ಬೋರ್ಡು ಇಳಿಸುವ ಆಜ್ಞೆ: ಹೋಟೆಲ್ ಫ್ರಾಂಚೈಸಿ ಮತ್ತು ತಡೆಯಾಜ್ಞೆ

1. ಪ್ರಶ್ನೆ

ದೋಹಾದ ಬಿನ್ ಒಮ್ರಾನ್‌ನಲ್ಲಿ ಬೆಂಗಳೂರಿನ ಬ್ರಾಂಡೊಂದರ ಹೆಸರಿನಲ್ಲಿ ಹೋಟೆಲ್ ನಡೆಯುತ್ತಿದೆ ಎಂದಿಟ್ಟುಕೊಳ್ಳೋಣ. ರಾಯಲ್ಟಿ ಬಾಕಿ ಬಿದ್ದಿದೆ. ಸಾಂಬಾರು ಪುಡಿ ಕರಾರಿನಲ್ಲಿಲ್ಲದ ಕಡೆಯಿಂದ ಬರತೊಡಗಿದೆ. ಅವಧಿ ಮುಗಿದರೂ ಬೋರ್ಡು, ಮೆನು ಕಾರ್ಡು ಬದಲಾಗಿಲ್ಲ. ಮೂರೂ ಉಲ್ಲಂಘನೆಗಳೇ. ಆದರೆ ತಡೆಯಾಜ್ಞೆಯ ಮಟ್ಟಿಗೆ ಮೂರಕ್ಕೂ ಒಂದೇ ತೂಕವಿಲ್ಲ ಎಂಬುದಷ್ಟೇ ಇಲ್ಲಿನ ವಾದ.

2. ಭಾರತದ ಕಲಮುಗಳು

ಮಧ್ಯಂತರ ತಡೆಯಾಜ್ಞೆಗೆ ಮೇಲ್ನೋಟದ ಹಕ್ಕು, ಅನುಕೂಲ-ಅನನುಕೂಲಗಳ ತೂಕ, ತುಂಬಿಕೊಡಲಾಗದ ನಷ್ಟ ಇವು ಮೂರನ್ನು ನೋಡುವುದು ರೂಢಿ. ರಾಯಲ್ಟಿ ಬಾಕಿ ಸಾಮಾನ್ಯವಾಗಿ ಮೂರನೆಯದರಲ್ಲೇ ಸೋಲುತ್ತದೆ. ಅದು ಎಣಿಸಬಹುದಾದ ಹಣ. ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ ಕಲಂ 41(ಇ) ಪ್ರಕಾರ, ನಿರ್ದಿಷ್ಟವಾಗಿ ಜಾರಿ ಮಾಡಿಸಲಾಗದ ಕರಾರಿನ ಉಲ್ಲಂಘನೆಗೆ ತಡೆಯಾಜ್ಞೆ ಇಲ್ಲ. ಕಲಂ 42 ಇದಕ್ಕೆ ಅಪವಾದ: ‘ಇಂಥದ್ದನ್ನು ಮಾಡುವುದಿಲ್ಲ’ ಎಂಬ ನಿಷೇಧಾತ್ಮಕ ಷರತ್ತನ್ನು ಪ್ರತ್ಯೇಕವಾಗಿ ಎತ್ತಿಹಿಡಿಯಬಹುದು, ಕೋರಿದವರು ತಮ್ಮ ಪಾಲಿನ ಕರಾರನ್ನು ಪಾಲಿಸಿದ್ದರೆ. ಸಾಂಬಾರು ಪುಡಿಯ ಪ್ರಶ್ನೆ ಬಹುಶಃ ಇಲ್ಲಿಗೆ ಬರುತ್ತದೆ. 2018ರ ಅಕ್ಟೋಬರ್ 1ರಿಂದ ಜಾರಿಯಾದ ತಿದ್ದುಪಡಿಯೂ, ಸ್ವಭಾವತಃ ರದ್ದುಗೊಳಿಸಬಹುದಾದ ಕರಾರುಗಳನ್ನು ನಿರ್ದಿಷ್ಟ ಜಾರಿಯಿಂದ ಹೊರಗೇ ಇಟ್ಟಿದೆ.

3. 1993ರ ಕರಾರೋ, 1994ರದ್ದೋ?

ಮುಖ್ಯ ತೀರ್ಪು ಹೋಟೆಲಿನದ್ದಲ್ಲ, ತಂಪು ಪಾನೀಯದ್ದು: ಗುಜರಾತ್ ಬಾಟ್ಲಿಂಗ್ ವಿರುದ್ಧ ಕೋಕಾ ಕೋಲಾ (ಸುಪ್ರೀಂ ಕೋರ್ಟ್, 1995). ಬಾಟ್ಲಿಂಗ್ ಕಂಪನಿಯ ಷೇರುಗಳು ಪೆಪ್ಸಿ ಕಡೆಯವರ ಕೈಸೇರಿದ್ದವು. 1993ರ ಕರಾರಿನಂತೆ ಬಿಡುಗಡೆಗೆ ಒಂದು ವರ್ಷದ ನೋಟಿಸು ಬೇಕು; 1994ರದ್ದರಂತೆ 90 ದಿನ ಸಾಕು. ನ್ಯಾಯಾಲಯ ಎರಡನೆಯದು ಮೊದಲನೆಯದನ್ನು ಅಳಿಸಿಲ್ಲವೆಂದು ಕಂಡು, ಬೇರೆ ಬ್ರಾಂಡು ತುಂಬಿಸದಂತೆ ವಿಧಿಸಿದ್ದ ತಡೆಯನ್ನು ಎತ್ತಿಹಿಡಿಯಿತು. ಷರತ್ತು ಕರಾರಿನ ಅವಧಿಗೆ ಸೀಮಿತವಾದ್ದರಿಂದ, ವ್ಯಾಪಾರಕ್ಕೆ ತಡೆಯೊಡ್ಡುವ ಕರಾರುಗಳನ್ನು ಅನೂರ್ಜಿತವೆನ್ನುವ ಕರಾರು ಕಾಯ್ದೆಯ ಕಲಂ 27 ಅಡ್ಡಬರಲಿಲ್ಲ. ಅವಧಿ ಮುಗಿದ ಮೇಲಿನ ಪೈಪೋಟಿ ನಿಷೇಧಕ್ಕೆ ಈ ತೀರ್ಪನ್ನು ಆಧಾರವಾಗಿ ತೋರಿಸುವುದು, ಆದ್ದರಿಂದ, ಸರಿಯಾಗಲಾರದು. ಹಳೆಯ ಹೆಸರು ಬಿಟ್ಟು ಅದೇ ಅಂಗಡಿಯಲ್ಲಿ ದೋಸೆ ಹಾಕುವವನನ್ನು ತಡೆಯುವುದು ಕಷ್ಟ.

4. 169 ಮಳಿಗೆಗಳು

2017ರ ಆಗಸ್ಟ್ 21ರಂದು ಮೆಕ್‌ಡೊನಾಲ್ಡ್ಸ್ ತನ್ನ ಉತ್ತರ ಮತ್ತು ಪೂರ್ವ ಭಾರತದ ಪಾಲುದಾರ ಕನಾಟ್ ಪ್ಲಾಜಾ ರೆಸ್ಟೋರೆಂಟ್ಸ್‌ನ 169 ಮಳಿಗೆಗಳ ಫ್ರಾಂಚೈಸಿ ರದ್ದುಮಾಡಿ, 15 ದಿನಗಳಲ್ಲಿ ಹೆಸರು ಬಿಡಲು ಹೇಳಿತು. ಗಡುವಿನ ನಂತರವೂ ಮಳಿಗೆಗಳು ನಡೆದವು. ವಿವಾದ ಮುಗಿದದ್ದು 2019ರ ಮೇ ತಿಂಗಳಲ್ಲಿ, ಪಾಲು ಖರೀದಿಯ ಒಪ್ಪಂದದಿಂದ. ನೋಟಿಸಿಗೂ ಬೋರ್ಡು ಇಳಿಯುವುದಕ್ಕೂ ನಡುವಿನ ಅಂತರಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

5. ಕತಾರ್

ಕತಾರ್‌ನ ನಾಗರಿಕ ಸಂಹಿತೆ (2004ರ 22ನೇ ಕಾನೂನು) ಕರಾರನ್ನು ಪಕ್ಷಗಾರರ ಕಾನೂನೆಂದೇ ಕಾಣುತ್ತದೆ. ಮಧ್ಯಸ್ಥಿಕೆಯ ಷರತ್ತಿದ್ದು ಅದರ ಪೀಠ ಕತಾರ್ ಆಗಿದ್ದರೆ, 2017ರ 2ನೇ ಕಾನೂನಿನಡಿ ಮಧ್ಯಂತರ ಕ್ರಮ ಕೋರಬಹುದು. ಬೋರ್ಡಿನ ವಿಷಯ ಬೇರೆ: ಟ್ರೇಡ್‌ಮಾರ್ಕ್ ನೋಂದಣಿ ದೇಶಕ್ಕೆ ಸೀಮಿತ, ಭಾರತದ ಪ್ರಮಾಣಪತ್ರ ತಾನಾಗಿ ದೋಹಾದಲ್ಲಿ ನಡೆಯದು. ಹೀಗಾಗಿ ಕರಾರಿಗಿಂತ ಮೊದಲು ತೆರೆದು ನೋಡಬೇಕಾದ ಕಾಗದ ಕತಾರ್‌ನ ನೋಂದಣಿ. ಅದು ಸ್ಥಳೀಯ ಪಾಲುದಾರನ ಹೆಸರಿನಲ್ಲಿದ್ದರೆ, ತಡೆಯಾಜ್ಞೆ ಕೋರಿ ಹೋಗುವವನು ಅವನೇ ಆಗಬಹುದು.