ಕುರ್ಚಿಗೆ ತೂಗಿದ ಸೊಂಟಪಟ್ಟಿ

ಆಯುಧಗಳಿಗೆ ಇತಿಹಾಸವುಂಟು, ಅವುಗಳ ಒರೆಗಳಿಗೆ ಇಲ್ಲ. ವಸ್ತುಸಂಗ್ರಹಾಲಯಗಳಲ್ಲಿ ಕತ್ತಿಗಳನ್ನೂ ಬಂದೂಕುಗಳನ್ನೂ ಸಾಲಾಗಿ ಜೋಡಿಸಿ, ಇದು ಇಂಥ ಅರಸನದು, ಇದು ಇಂಥ ಕಾಳಗದ್ದು ಎಂದು ಚೀಟಿ ಅಂಟಿಸಿರುತ್ತಾರೆ. ಆದರೆ ಅವನ್ನು ಹೊತ್ತ ಚರ್ಮದ ಚೀಲ, ಪಟ್ಟಿ, ಗುಂಡಿಗಳು ಎಲ್ಲಿ ಹೋದವೆಂದು ಕೇಳುವವರಿಲ್ಲ. ಕಬ್ಬಿಣ ತುಕ್ಕು ಹಿಡಿದರೂ ಉಳಿಯುತ್ತದೆ. ಚರ್ಮ ಹುಳು ಬಿದ್ದು ಮಣ್ಣಾಗುತ್ತದೆ. ಆದರೂ ದಿನಬೆಳಗಾದರೆ ಆಯುಧ ಕಟ್ಟಿಕೊಂಡು ತಿರುಗುವವನಿಗೆ ಕಬ್ಬಿಣಕ್ಕಿಂತ ಹೆಚ್ಚು ಪರಿಚಯವಾಗುವುದು ಆ ಚರ್ಮವೇ.

ಇದನ್ನು ನಾನು ಕಲಿತುದು ನನ್ನ ಸೋದರಮಾವನಿಂದ. ಅವರು ಸಗರನಾಡಿನಲ್ಲಿ ಪೊಲೀಸ್ ನೌಕರಿಯಲ್ಲಿದ್ದರು. ಸರಕಾರ ಕೊಟ್ಟ ಹೊಸ ಪಿಸ್ತೂಲಿನ ಚೀಲ ಪೆಟ್ಟಿಗೆಯ ತಳದಲ್ಲಿ ಮಲಗಿರುತ್ತಿತ್ತು. ಅವರು ಕಟ್ಟುತ್ತಿದ್ದುದು ಸಗರದ ಮೋಚಿಯೊಬ್ಬನು ಮೇಣದ ದಾರದಿಂದ ಹೊಲಿದುಕೊಟ್ಟ ತಮ್ಮ ಸ್ವಂತದ್ದನ್ನು. ಅದರ ಅಂಚು ಉಜ್ಜಿ ಉಜ್ಜಿ ಕನ್ನಡಿಯಂತೆ ಹೊಳೆಯುತ್ತಿತ್ತು. ಮುಚ್ಚಳದ ಗುಂಡಿಯ ಕಂಡಿ ಹಿಗ್ಗಿ ಹೆಬ್ಬೆರಳು ತಾಗಿದರೆ ಸಾಕು ಬಿಚ್ಚುತ್ತಿತ್ತು. “ಹೊಸಾದು ಸೊಂಟ ಕಚ್ಚತೈತಿ, ಇದು ನನ್ನ ಮೈ ಅಳತಿ ತಿಳದೈತಿ” ಎನ್ನುತ್ತಿದ್ದರು. ತಿಂಗಳಿಗೊಮ್ಮೆ ಅದಕ್ಕೆ ಹರಳೆಣ್ಣೆಯ ಉಪಚಾರ. ಆಯುಧಪೂಜೆಯ ದಿನ ಪಿಸ್ತೂಲಿಗಿಂತ ಮೊದಲು ಚೀಲಕ್ಕೆ ಕುಂಕುಮ.

ಒಂದು ದಿನ ಅವರು ಪಟ್ಟಿ ಬಿಚ್ಚಿ ಗೂಟಕ್ಕೆ ತಗಲಿಸಿ ಬಚ್ಚಲಿಗೆ ಹೋದರು. ನನಗೆ ಆಗ ಏಳೋ ಎಂಟೋ ವರ್ಷ. ಕಟ್ಟೆ ಹತ್ತಿ ಆ ಸಡಿಲ ಗುಂಡಿಯನ್ನು ಬಿಚ್ಚಿದೆ. ಹಿಡಿ ನನ್ನ ಕೈಗೆ ತಾನಾಗಿ ಬಂದಂತಾಯಿತು. ಅಷ್ಟರಲ್ಲಿ ಮಾವ ಬಾಗಿಲಲ್ಲಿ ನಿಂತಿದ್ದರು. ಹೊಡೆಯುವರೆಂದು ಕಣ್ಣು ಮುಚ್ಚಿದೆ. ಅವರು ಹೊಡೆಯಲಿಲ್ಲ. ಮೆಲ್ಲಗೆ ಬಂದು, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ತೋಟಾಗಳನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು ನೆಲದ ಮೇಲೆ ಕುಳಿತುಬಿಟ್ಟರು. ಅವರ ಮುಖದಲ್ಲಿ ರಕ್ತವಿರಲಿಲ್ಲ. “ತಪ್ಪು ನಿಂದಲ್ಲ ತಮ್ಮಾ, ನಂದು” ಎಂದಷ್ಟೇ ಹೇಳಿದರು.

ಆ ಮಾತಿನ ಅರ್ಥ ನನಗೆ ಬಹುಕಾಲದ ಮೇಲೆ, ಸುರಪುರದ ಕಥೆಯನ್ನು ಓದುವಾಗ ಹೊಳೆಯಿತು.

ಇಂದು ಶಹಾಪುರ ತಾಲ್ಲೂಕಿನ ಒಂದು ಊರಾಗಿರುವ ಸಗರ, ಒಂದು ಕಾಲಕ್ಕೆ ಬೇಡ ನಾಯಕರ ರಾಜಧಾನಿ. ಕೃಷ್ಣಾ-ಭೀಮೆಗಳ ನಡುವಣ ಈ ನಾಡನ್ನು ಆಳಿದ ಪಾಮನಾಯಕನು 1687ರಲ್ಲಿ ಔರಂಗಜೇಬನ ಸೇನೆಗೆ ಸಗರವನ್ನು ಒಪ್ಪಿಸಬೇಕಾಯಿತು. ಅಲ್ಲಿಗೆ ಬೇಡರ ಕಥೆ ಮುಗಿಯಿತೆಂದು ಮೊಗಲರು ತಿಳಿದಿದ್ದರೆ ಅದು ತಪ್ಪು ಎಣಿಕೆ. ಪಿಡ್ಡನಾಯಕನು ವಾಗಣಗೇರಿಯ ಬೆಟ್ಟದಲ್ಲಿ ನೆಲೆಯೂರಿ ಮತ್ತೆ ತಲೆಯೆತ್ತಿದನು. 1705ರಲ್ಲಿ, ಎಂಬತ್ತಾರು ವರ್ಷದ ಮುದುಕ ಬಾದಶಹನು ತಾನೇ ಬಂದು ಆ ಕೋಟೆಯನ್ನು ಮುತ್ತಿದನು. ಅವನು ಖುದ್ದಾಗಿ ನಡೆಸಿದ ಕೊನೆಯ ಮುತ್ತಿಗೆ ಅದು. ಕೋಟೆ ಕೈಸೇರಿತು, ನಾಯಕ ಕೈಗೆ ಸಿಗಲಿಲ್ಲ.

ಬೇಡರ ಬಲವಿದ್ದುದು ಅವರ ಬಂದೂಕುಗಾರರಲ್ಲಿ. ಆ ಕಾಲದ ಬಂದೂಕೆಂದರೆ ಬತ್ತಿಯ ಕೋವಿ. ಅದನ್ನು ಹೊತ್ತವನ ಸೊಂಟದಲ್ಲಿ ಮದ್ದಿನ ಕೊಂಬು, ಗುಂಡಿನ ಚೀಲ, ಬತ್ತಿಯ ಹುರಿ ಇರಬೇಕು. ಮದ್ದು ಸುರಿದು, ಗುಂಡು ಇಳಿಸಿ, ಗಜದಿಂದ ಜಡಿದು, ಕಿವಿಗೆ ಸಣ್ಣ ಮದ್ದು ಹಾಕಿ, ಉರಿಯುವ ಬತ್ತಿಯನ್ನು ಮುಟ್ಟಿಸಿದರೆ ಮಾತ್ರ ಅದು ಸಿಡಿಯುತ್ತದೆ. ಗೋಡೆಗೊರಗಿಸಿದ ಬತ್ತಿಯ ಕೋವಿ, ಬತ್ತಿಯಿಲ್ಲದೆ ಬರಿಯ ಕೊಳವೆ. ಕೊಲ್ಲುವವನಿಗಾಗಲಿ ಸಾಯುವವನಿಗಾಗಲಿ ಅದು ಯೋಚಿಸಲು ಸಮಯ ಕೊಡುತ್ತಿತ್ತು.

ಈ ಮನೆತನದ ಕೃಷ್ಣಪ್ಪನಾಯಕನು 1841ರಲ್ಲಿ ತೀರಿಕೊಂಡಾಗ ಮಗ ವೆಂಕಟಪ್ಪನಾಯಕ ಇನ್ನೂ ಹುಡುಗ. ಸಂಸ್ಥಾನದ ಮೇಲ್ವಿಚಾರಣೆಗೆ ಬಂದವನು ಮೆಡೋಸ್ ಟೇಲರ್. ಠಕ್ಕರ ಕಥೆ ಬರೆದು ಆಗಲೇ ಇಂಗ್ಲೆಂಡಿನಲ್ಲಿ ಹೆಸರಾಗಿದ್ದವನು. ಹುಡುಗ ಅವನನ್ನು ‘ಅಪ್ಪ’ ಎಂದು ಕರೆಯುತ್ತಿದ್ದನು. ಟೇಲರ್ ಅವನಿಗೆ ವಿದ್ಯೆ ಕಲಿಸಿದನು, ಕೆರೆ ಕಟ್ಟಿಸಿದನು, ಗುಡ್ಡದ ಮೇಲೆ ಮನೆ ಕಟ್ಟಿಸಿದನು. ಅದೇ ಇಂದಿನ ಟೇಲರ್ ಮಂಜಿಲ್. 1853ರಲ್ಲಿ ಅಧಿಕಾರವನ್ನು ಯುವಕನಿಗೆ ಒಪ್ಪಿಸಿ ಹೊರಟನು. ಪ್ರೀತಿ ನಿಜವಾದುದೇ, ಆದರೆ ಒಂದೇ ಒರೆಯಲ್ಲಿ ಎರಡು ಕತ್ತಿ ಇರಲಾರವು.

1857 ಬಂದಿತು. ಆಯುಧಗಳನ್ನು ಒಪ್ಪಿಸಬೇಕೆಂದು ಕಂಪನಿ ಸರಕಾರ ಕಾಯಿದೆ ಮಾಡಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪದೆ ನಿಂತರು. ಅದೇ ವರ್ಷದ ನವೆಂಬರಿನಲ್ಲಿ ಅವರ ಊರು ಸುಟ್ಟುಹೋಯಿತು. ಡಿಸೆಂಬರಿನಲ್ಲಿ ಹತ್ತೊಂಬತ್ತು ಜನರನ್ನು ನೇಣುಹಾಕಿದರು. ಸೊಂಟದ ಆಯುಧವನ್ನು ಬಿಚ್ಚುವುದೆಂದರೆ ಅವರಿಗೆ ಮಾನವನ್ನೇ ಬಿಚ್ಚಿದಂತೆ ಆಗಿತ್ತು. 1858ರ ಫೆಬ್ರವರಿಯಲ್ಲಿ ಸುರಪುರವೂ ಎದ್ದಿತು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬರಿ ಎಂಬ ಆಂಗ್ಲ ಅಧಿಕಾರಿ ಮಡಿದನು. ಹೊರಗಿನ ದಂಡುಗಳು ಕೂಡಿಬರುತ್ತಲೇ ರಾಜನು ಕೆಲವೇ ಸವಾರರೊಡನೆ ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕನು.

ಸೆರೆಮನೆಗೆ ಟೇಲರ್ ಬಂದನು. ರಾಜ ‘ಅಪ್ಪ’ನನ್ನು ತಬ್ಬಿಕೊಂಡನು. ಆದರೆ ಜೊತೆಗಿದ್ದವರ ಹೆಸರುಗಳನ್ನು ಹೇಳಲಿಲ್ಲ. ಕಳ್ಳನಂತೆ ನೇಣುಹಾಕಬೇಡಿ, ಬೇಕಾದರೆ ತೋಪಿನ ಬಾಯಿಗೆ ಕಟ್ಟಿರಿ ಎಂಬುದೊಂದೇ ಅವನ ಬೇಡಿಕೆ. ಮೊದಲು ಮರಣದಂಡನೆಯಾಯಿತು, ಅದು ಜೀವಾವಧಿ ಗಡಿಪಾರಿಗೆ ಇಳಿಯಿತು, ಗವರ್ನರ್ ಜನರಲ್ ಅದನ್ನೂ ಇಳಿಸಿ, ಮದರಾಸಿನ ಹತ್ತಿರದ ಕೋಟೆಯೊಂದರಲ್ಲಿ ನಾಲ್ಕು ವರ್ಷದ ಸೆರೆಯೆಂದು ಗೊತ್ತುಮಾಡಿದನು. ನಡತೆ ಚೆನ್ನಾಗಿದ್ದರೆ ರಾಜ್ಯವೂ ಮರಳುವ ಆಸೆ ಇತ್ತು.

ಕಾವಲಿನೊಡನೆ ಪಯಣ ಹೊರಟಿತು. ಮುಂದಿನದನ್ನು ಟೇಲರನು ತನ್ನ ಆತ್ಮಕಥೆಯಲ್ಲಿ ನಾಲ್ಕು ಸಾಲುಗಳಲ್ಲಿ ಹೇಳಿ ಮುಗಿಸುತ್ತಾನೆ. ಮೊದಲ ಬಿಡಾರದಲ್ಲಿ ಕಾವಲಿನ ಅಧಿಕಾರಿ ತನ್ನ ಸೊಂಟಪಟ್ಟಿಯನ್ನು ಬಿಚ್ಚಿ ಕುರ್ಚಿಗೆ ತೂಗುಹಾಕಿ ಗುಡಾರದಿಂದ ಹೊರಗೆ ಹೋದನು. ಪಟ್ಟಿಯಲ್ಲಿ ಗುಂಡು ತುಂಬಿದ ರಿವಾಲ್ವರಿತ್ತು. ಒಳಗಿನಿಂದ ಒಂದು ಸದ್ದು ಕೇಳಿಸಿತು. ಓಡಿಬಂದು ನೋಡಿದರೆ ರಾಜ ನೆಲದ ಮೇಲೆ ಸತ್ತುಬಿದ್ದಿದ್ದನು.

ರಿವಾಲ್ವರ್ ಆಗ ಹೊಸ ಸಾಮಗ್ರಿ. ಬಹಳ ಮಂದಿ ಅಧಿಕಾರಿಗಳು ಅದನ್ನು ಸ್ವಂತ ಹಣದಿಂದ ಕೊಂಡು, ದಪ್ಪ ತೊಗಲಿನ ಮುಚ್ಚಳದ ಚೀಲದಲ್ಲಿ ಕಟ್ಟಿಕೊಳ್ಳುತ್ತಿದ್ದರು. ಮಳೆಯಿಂದ ಮದ್ದನ್ನೂ, ಉದುರಿಹೋಗದಂತೆ ಕೇಪುಗಳನ್ನೂ ಕಾಯುವುದು ಆ ಮುಚ್ಚಳದ ಕೆಲಸ. ಅದು ನೀರನ್ನು ತಡೆಯುತ್ತದೆ, ಕೈಯನ್ನು ತಡೆಯುವುದಿಲ್ಲ. ಬತ್ತಿ ಬೇಡ, ಗಜ ಬೇಡ. ಎಲ್ಲ ಸಿದ್ಧವಾಗಿ ತುಂಬಿಟ್ಟಿರುವ ಯಂತ್ರ. ಹಿಡಿದವನು ಯಾರೆಂದು ಕೇಳದು.

ರಾಜನು ತಾನೇ ಗುಂಡು ಹಾರಿಸಿಕೊಂಡನೇ, ಕುತೂಹಲದಿಂದ ಕೈಗೆತ್ತಿಕೊಂಡಾಗ ಸಿಡಿಯಿತೇ? ಟೇಲರ್ ತೀರ್ಪು ಕೊಡುವುದಿಲ್ಲ. ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಮರಣವೆಂದು ಜಾತಕದಲ್ಲಿತ್ತು, ಅದನ್ನು ರಾಣಿ ಈಶ್ವರಮ್ಮ ತನಗೆ ಮೊದಲೇ ಹೇಳಿದ್ದಳು ಎಂಬ ಸಂಗತಿಯನ್ನು ಮಾತ್ರ ಅವನು ಬೆರಗಿನಿಂದ ಬರೆದಿಡುತ್ತಾನೆ. ನಮ್ಮ ಕಡೆಯ ಜನ ಮೂರನೆಯ ಮಾತನ್ನೂ ಆಡುತ್ತಾರೆ: ಗುಂಡು ಹಾರಿಸಿದ ಕೈ ರಾಜನದಲ್ಲವೆಂದು. ಗುಡಾರದೊಳಗೆ ಸಾಕ್ಷಿಯಿರಲಿಲ್ಲ, ಇದ್ದ ಮಾತೆಲ್ಲ ಕಾವಲಿನವರ ಮಾತು. ಹೀಗಿರುವಾಗ ಜನರ ಸಂಶಯವನ್ನು ಬಾಯಿಮಾತೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅದನ್ನೇ ಸಿದ್ಧಾಂತ ಮಾಡುವುದೂ ಇತಿಹಾಸವಲ್ಲ.

ನೇಣು ತಪ್ಪಿ, ನಾಲ್ಕು ವರ್ಷ ಕಳೆದರೆ ಊರು ಸೇರುವ ಆಸೆಯಿದ್ದವನು ಸಾಯುವುದೇಕೆ ಎಂದು ಒಂದು ಮನಸ್ಸು ಕೇಳುತ್ತದೆ. ಹಗ್ಗಕ್ಕಿಂತ ಗುಂಡು ಮೇಲೆಂದು ಬೇಡಿದವನ ಎದುರಿಗೆ ಗುಂಡೇ ಬಂದು ತೂಗಿದರೆ ಎಂದು ಇನ್ನೊಂದು ಮನಸ್ಸು. ನಾನು ಎರಡನ್ನೂ ಬಿಟ್ಟು ಆ ಕುರ್ಚಿಯನ್ನು ನೋಡುತ್ತೇನೆ. ಕೈದಿ ಆಯುಧವನ್ನು ಕದಿಯಲು ಹೋಗಲಿಲ್ಲ. ಆಯುಧವೇ ಅವನ ಬಳಿ ಬಂದಿತು. ದಿನವೂ ಕಟ್ಟಿ ಬಿಚ್ಚುವವನಿಗೆ ಅದು ಆಯುಧವೆಂಬುದೇ ಮರೆತುಹೋಗಿರುತ್ತದೆ. ಪಾಗೋಟಿನಂತೆ, ಪೇಟದಂತೆ ಅದೂ ಒಂದು ಉಡುಪು. ಹಾಗೆ ಮರೆತವನು, ಕಥೆಯನ್ನು ಅವನು ಹೇಳಿದಂತೆಯೇ ನಂಬಿದರೂ, ಹೊಣೆಯಿಂದ ತಪ್ಪಿಸಿಕೊಳ್ಳಲಾರ. ಮಾವ ನೆಲದ ಮೇಲೆ ಕುಳಿತು ಹೇಳಿದ ಮಾತು ಅದೇ ಅಲ್ಲವೇ?

ಆ ಒಂದು ಗುಂಡಿನ ಮೇಲೆ ಒಂದು ನಾಡಿನ ಹಣೆಬರಹ ತಿರುಗಿತು. 1860ರಲ್ಲಿ ಸುರಪುರ ನಿಜಾಮನ ಕೈಸೇರಿತು. ಅದರ ಮರುವರ್ಷವೇ ಕೊಡವರಿಗೆ ಆಯುಧದ ಕಾಯಿದೆಯಿಂದ ವಿನಾಯಿತಿ ಸಿಕ್ಕಿತು. ಅವರ ಒಡಿಕತ್ತಿ ಇಂದಿಗೂ ಬೆನ್ನ ಹಿಂದಿನ ತೊಡಂಗಿನಲ್ಲಿ ತೂಗುತ್ತದೆ. ಬೇಡರ ಮದ್ದಿನ ಕೊಂಬುಗಳು ಮಾತ್ರ ಅಟ್ಟ ಸೇರಿದವು.

ಮಾವ ನಿವೃತ್ತರಾದಾಗ ಪಿಸ್ತೂಲು ಸರಕಾರಕ್ಕೆ ಹೋಯಿತು. ಚೀಲ ಅವರದೇ ಆದುದರಿಂದ ಮನೆಯಲ್ಲಿ ಉಳಿಯಿತು. ಆ ಘಟನೆಯ ಮೇಲೆ, ತೋಟಾ ತೆಗೆಯದೆ ಅದನ್ನು ಅವರು ಒಂದು ದಿನವೂ ಗೂಟಕ್ಕೆ ತಗಲಿಸಿದವರಲ್ಲ. ಕೊನೆಯ ವರ್ಷಗಳಲ್ಲಿ ಕನ್ನಡಕವನ್ನು ಅದರಲ್ಲಿಡುತ್ತಿದ್ದರು. ಈಗ ಅದು ನನ್ನಲ್ಲಿದೆ. ಗುಂಡಿ ಪೂರಾ ಸಡಿಲವಾಗಿದೆ, ಹೊಲಿಸಬೇಕು.