ಒಂದು ಚೂರಿಯ ಚರಿತ್ರೆ

ಕೆಲವು ವರ್ಷಗಳ ಹಿಂದೆ, ಬಕ್ರೀದ್ ಹತ್ತಿರವಿದ್ದಾಗ, ಹುಡಗಿಯ ಕುಲುಮೆಗೆ ಎರಡು ಚೂರಿಗಳನ್ನು ಒಯ್ದಿದ್ದೆ. ಒಂದು ಅಜ್ಜನ ಕಾಲದ್ದು. ಕಪ್ಪಾಗಿ ಅಲ್ಲಲ್ಲಿ ತುಕ್ಕು ಹಿಡಿದಿತ್ತು. ಇನ್ನೊಂದು ಪೇಟೆಯಿಂದ ತಂದದ್ದು, ಕನ್ನಡಿಯಂತೆ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲಿನದು. ಕಂಬಾರ ಕಾಕಾ ಹೊಸದನ್ನು ಸಾಣೆ ಹಿಡಿದು, ಉಗುರಿನ ಮೇಲೆ ಎಳೆದು ನೋಡಿ ನಕ್ಕರು.

"ಸಾಹೇಬ್ರ, ಇದು ಭಾಂಡಿ ಸ್ಟೀಲ್ ಅದ ನೋಡ್ರಿ. ಹೊಳೀತದ, ಖರೆ ಧಾರ ನಿಲ್ಲಲ್ಲ."

ಮೊಂಡು ಚೂರಿಯಿಂದ ಪ್ರಾಣಿಗೆ ಹಿಂಸೆ ಕೊಡಬಾರದು, ಅಲಗನ್ನು ಹರಿತ ಮಾಡಿಕೊಳ್ಳಬೇಕು ಎಂಬುದು ಪ್ರವಾದಿಯವರ ಬೋಧನೆ. ಹಾಗಾಗಿ ಕಾಕಾನ ಮಾತು ನನಗೆ ಬರೀ ವ್ಯಾಪಾರದ ಮಾತಾಗಿ ಕೇಳಲಿಲ್ಲ. ಅದರ ಹಿಂದಿನ ಕಥೆ ಹುಡುಕುತ್ತ ಹೋದೆ.

ಅರಬಿಯಲ್ಲಿ 'ಮುಹನ್ನದ್' ಎಂಬ ಪದವಿದೆ. ಹಿಂದೂಸ್ತಾನದ ಉಕ್ಕಿನ ಖಡ್ಗ ಎಂದು ಅದರ ಅರ್ಥ. 9ನೇ ಶತಮಾನದಲ್ಲಿ ದಾರ್ಶನಿಕ ಅಲ್-ಕಿಂದಿ ಖಡ್ಗಗಳ ಬಗೆಗೇ ಒಂದು ಗ್ರಂಥ ಬರೆದ. ಆ ಉಕ್ಕಿನ ಒಂದು ದೊಡ್ಡ ಕೇಂದ್ರ ನಮಗೇನೂ ದೂರದ್ದಲ್ಲ. 1956ರವರೆಗೆ ಬೀದರ್ ಸೇರಿದ್ದ ಹೈದರಾಬಾದ್ ರಾಜ್ಯದಲ್ಲೇ ನಿಜಾಮಾಬಾದ್ ಸೀಮೆಯ ಕೋನಸಮುದ್ರಂ ಇತ್ತು. 1820ರ ಸುಮಾರಿಗೆ ಅಲ್ಲಿಗೆ ಹೋದ ಹೆನ್ರಿ ವಾಯ್ಸಿ, ಇರಾನಿನ ಇಸ್ಫಹಾನಿನಿಂದ ಬಂದ ವ್ಯಾಪಾರಿ ಉಕ್ಕು ಕೊಳ್ಳುತ್ತಿದ್ದುದನ್ನು ದಾಖಲಿಸಿದ್ದಾನೆ. ಮೈಸೂರು ಸೀಮೆಯಲ್ಲಿ ಬುಕನನ್ 1800ರಲ್ಲಿ ಕಂಡ ವಿಧಾನ ಇನ್ನೂ ಸರಳ: ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಹಸಿ ಎಲೆ ಇಟ್ಟು, ಬಾಯಿ ಮುಚ್ಚಿ, ತಿದಿಯೊತ್ತಿ ಕಾಯಿಸುವುದು. ಕಡ್ಡಿ ಎಲೆಗಳ ಇಂಗಾಲ ಕಬ್ಬಿಣಕ್ಕೆ ಇಳಿದು ಉಕ್ಕಾಗುತ್ತಿತ್ತು. ಇಂಥ ಮೂಸೆಯುಕ್ಕಿನಲ್ಲಿ ಇಂಗಾಲ ಶೇಕಡಾ 1ರಿಂದ 2ರಷ್ಟು ಇರುತ್ತಿತ್ತು.

1794ರಲ್ಲಿ ಮುಂಬಯಿಯ ಡಾ. ಸ್ಕಾಟ್ ಇದರ ಮಾದರಿಯನ್ನು ಲಂಡನ್ನಿಗೆ ಕಳಿಸಿದ. ಅಲ್ಲಿ ಇದು 'ವೂಟ್ಸ್' ಆಯಿತು. ಅದು ನಮ್ಮ 'ಉಕ್ಕು' ಪದವೇ ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಕಂಬಾರನ ಮಗನಾದ ಮೈಕೆಲ್ ಫ್ಯಾರಡೆ ವೂಟ್ಸ್‌ನ ಗುಟ್ಟು ಹುಡುಕುತ್ತ, ಚೂರಿ ತಯಾರಕ ಸ್ಟೋಡಾರ್ಟ್ ಜೊತೆ ಉಕ್ಕಿಗೆ ಬೇರೆ ಬೇರೆ ಲೋಹ ಬೆರೆಸಿ ನೋಡಿದ. ಕ್ರೋಮಿಯಂ ಕೂಡ ಅವುಗಳಲ್ಲಿ ಒಂದು. ಕ್ರೋಮಿಯಂ ಬೆರೆತ ಕಬ್ಬಿಣ ಆಮ್ಲಕ್ಕೆ ಸುಲಭವಾಗಿ ಕರಗದೆಂದು 1821ರಲ್ಲಿ ಫ್ರಾನ್ಸಿನ ಬರ್ತಿಯೇ ಕಂಡುಕೊಂಡ. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ, ಬಂದೂಕಿನ ನಳಿಕೆಗೆಂದು ಸುಮಾರು ಶೇಕಡಾ 13 ಕ್ರೋಮಿಯಂ ಬೆರೆಸಿದ ಉಕ್ಕಿನಲ್ಲಿ ತುಕ್ಕು ಹಿಡಿಯದ ಗುಣ ಗುರುತಿಸಿದ. ಆರಂಭದ ಚೂರಿಗಳಿಗೆ ಧಾರ ಬರದಿದ್ದಾಗ ಊರವರು 'ಕೊಯ್ಯದ ಚೂರಿಯ ಜನಕ' ಎಂದು ಅವನನ್ನು ಗೇಲಿ ಮಾಡಿದರಂತೆ.

ಕಾಕಾನ ನಗುವಿಗೂ ಕಾರಣ ಇಲ್ಲೇ ಇದೆ. ಸ್ಟೇನ್‌ಲೆಸ್ ಎಂದರೆ ಒಂದೇ ಉಕ್ಕಲ್ಲ. ತಟ್ಟೆ, ಲೋಟಗಳ 304ರಲ್ಲಿ ಕ್ರೋಮಿಯಂ 18, ನಿಕ್ಕಲ್ 8, ಇಂಗಾಲ ಇಲ್ಲವೆನ್ನುವಷ್ಟು. ಕಾಯಿಸಿ ಅದ್ದಿದರೂ ಅದು ಗಡುಸಾಗದು. 420ರಲ್ಲಿ ಕ್ರೋಮಿಯಂ ಸುಮಾರು 13, ಇಂಗಾಲ ಸ್ವಲ್ಪ. ಧಾರ ಬೇಗ ಹೋಗುತ್ತದೆ, ಆದರೆ ಮತ್ತೆ ಸುಲಭವಾಗಿ ಬರುತ್ತದೆ. 440ಸಿಯಲ್ಲಿ ಇಂಗಾಲ ಸುಮಾರು 1, ಕ್ರೋಮಿಯಂ 16ರಿಂದ 18. ಧಾರ ಬಹಳ ದಿನ ನಿಲ್ಲುತ್ತದೆ, ಸಾಣೆ ಹಿಡಿಯುವುದು ಮಾತ್ರ ಕಷ್ಟ. ಧಾರಕ್ಕೆ ಇಂಗಾಲ ಬೇಕು. ಆದರೆ ಇಂಗಾಲ ಹೆಚ್ಚಿದಷ್ಟೂ ಅದು ಕ್ರೋಮಿಯಂ ಅನ್ನು ತನ್ನೊಳಗೆ ಹಿಡಿದಿಟ್ಟು, ತುಕ್ಕು ತಡೆಯಲು ಕಡಿಮೆ ಉಳಿಸುತ್ತದೆ. ಅದಕ್ಕೇ ಎರಡೂ ಗುಣ ಬೇಕೆಂದರೆ ಕ್ರೋಮಿಯಂ ಹೆಚ್ಚು ಬೆರೆಸಬೇಕು. ಅಷ್ಟಾದರೂ ಕಾಯಿಸಿ ಹದ ಕೊಡುವ ಕೈ ತಪ್ಪಿದರೆ ಎಷ್ಟು ಒಳ್ಳೆಯ ಉಕ್ಕಾದರೂ ವ್ಯರ್ಥ.

ಆ ಕೈಯನ್ನು ಚರಿತ್ರೆ ಎಂದೂ ಲೆಕ್ಕಕ್ಕೆ ಹಿಡಿಯಲಿಲ್ಲ. ದಖ್ಖನ್ನಿನ ಉಕ್ಕಿನಿಂದಲೂ ಆದ ಖಡ್ಗಗಳಿಗೆ ಲೋಕದಲ್ಲಿ 'ಡಮಾಸ್ಕಸ್' ಎಂಬ ಹೆಸರು ಬಂತು. ಪರೀಕ್ಷಿಸಿದವರ, ಮಾರಿದವರ ಹೆಸರು ಉಳಿಯಿತು. ಮೂಸೆಯ ಮುಂದೆ ಬೆವರಿದವರಲ್ಲಿ ಒಬ್ಬರ ಹೆಸರೂ ನನಗೆ ಸಿಗಲಿಲ್ಲ.

ಅಂದು ಕಾಕಾ ಅಜ್ಜನ ಚೂರಿಯನ್ನು ಕಾಯಿಸಿ ಬಡಿದು, ಎಣ್ಣೆಯಲ್ಲಿ ಅದ್ದಿ, ಸಾಣೆ ಹಿಡಿದುಕೊಟ್ಟರು. ಆ ವರ್ಷದ ಖುರ್ಬಾನಿಗೆ ಅದನ್ನೇ ಬಳಸಿದೆವು. ಕಾಕಾನ ಮಗ ಕುಲುಮೆಗೆ ಬರುವುದಿಲ್ಲ. ಹೊಸ ಚೂರಿ ಇಂದಿಗೂ ಅಡುಗೆಮನೆಯಲ್ಲಿ ಹೊಳೆಯುತ್ತಿದೆ, ಟೊಮೆಟೊ ಕೊಯ್ಯಲೂ ತಿಣುಕುತ್ತದೆ.